ಹಿಂದಕ್ಕೆ ನಡೆಯದ ಬೀದಿ

ನನ್ನ ಮಗಳು ಸುಗುಣ ನಾಲ್ಕು ವರ್ಷದವಳಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ. ಪೇಟೆ ಬೀದಿಯಲ್ಲಿ ನಾನು ಯಾವತ್ತೂ ಅವಳಿಗಿಂತ ಮುಂದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು. ಅವತ್ತು ಅವಳನ್ನು ಶಾಲೆಗೆ ಸೇರಿಸುವ ದಿನ. ಹೊಸ ಚಪ್ಪಲಿ ಹಾಕಿಕೊಂಡು ನಮ್ಮ ಹಿಟ್ಟಿನ ಗಿರಣಿಯ ಹೊಸಿಲ ಮೇಲೆ ನಿಂತವಳು ಬೀದಿಗೆ ಇಳಿಯಲೇ ಒಲ್ಲಳು. ನೀನು ಮುಂದೆ ಹೋಗಿಬಿಟ್ಟರೆ ನಾನು ಕರೆದರೂ ನಿನಗೆ ಬರಲಿಕ್ಕೆ ಆಗುವುದಿಲ್ಲವಲ್ಲಮ್ಮ ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಆ ಹೊಸಿಲ ಮೇಲೆ ಕೂತು ಬೀದಿಯನ್ನು ನೋಡಿ ನೋಡಿ ತಾನೇ ತಿಳಿದುಕೊಂಡಿದ್ದಳು. ಹಿಟ್ಟಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟೆ. ಆಮೇಲೆ ಇಳಿದಳು. ಎಂಟು ವರ್ಷ ಅವಳು ಮುಂದೆ, ನಾನು ಹಿಂದೆ.

ನಮ್ಮೂರಿನ ಪೇಟೆ ಬೀದಿಯಲ್ಲಿ ಮೇಲಿನಿಂದ ಕೆಳಕ್ಕೆ ನಡೆಯಬಹುದು, ನಿಲ್ಲಬಹುದು, ಎಡಕ್ಕೂ ಬಲಕ್ಕೂ ದಾಟಬಹುದು. ಹಿಂದಕ್ಕೆ ಮಾತ್ರ ಕಾಲು ಏಳುವುದಿಲ್ಲ. ಮನುಷ್ಯರಿಗೂ ಅಷ್ಟೇ, ದನಕರುಗಳಿಗೂ ಅಷ್ಟೇ, ಲಾರಿಗಳಿಗೂ ಅಷ್ಟೇ. ಏನನ್ನಾದರೂ ಮರೆತವರು ಕೊನೆಯತನಕ ನಡೆದು, ಶಾಲೆಯ ಪಕ್ಕದಲ್ಲಿ ಹೊರಬಿದ್ದು, ಕೆರೆ ಏರಿಯ ಮೇಲೆ ಮೂರು ಮೈಲಿ ಸುತ್ತಿ ಮತ್ತೆ ಬೀದಿಯ ತಲೆಗೆ ಬರಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆರೆ. ನಡುವೆ ಗೋಡೆಗೆ ಗೋಡೆ ಅಂಟಿಕೊಂಡ ಅಂಗಡಿಗಳು. ಒಂದು ಓಣಿಯಿಲ್ಲ, ಸಂದಿಯಿಲ್ಲ.

ಜನ ಹೊಂದಿಕೊಂಡಿದ್ದರು. ಮನೆ ಬಿಡುವಾಗಲೇ ಅಂಗಡಿಗಳ ಸಾಲಿನ ಪ್ರಕಾರ ಚೀಟಿ ಬರೆದುಕೊಳ್ಳುತ್ತಿದ್ದರು: ಮೊದಲು ಎಣ್ಣೆ, ಆಮೇಲೆ ಬಟ್ಟೆ, ಆಮೇಲೆ ಔಷಧಿ. ಗಂಡ ಹೆಂಡಿರು ಜಗಳ ಮಾಡಬೇಕಾದರೆ ಬೀದಿ ಮುಗಿಯುವತನಕ ತಡೆದುಕೊಳ್ಳುತ್ತಿದ್ದರು, ಯಾಕೆಂದರೆ ಸಿಟ್ಟಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದವರು ರಾಜಿಯಾಗಲು ಹಿಂದೆ ಬರುವಂತಿರಲಿಲ್ಲ. ಆದರೆ ವಸ್ತುಗಳು ಹಿಂದಕ್ಕೆ ಹೋಗುತ್ತಿದ್ದವು. ಕೊಡೆ ಬಿಟ್ಟು ಬಂದವರ ಕೊಡೆ ಮುಂದಕ್ಕೂ, ಅಂಗಡಿಗೆ ಸೇರಬೇಕಾದ ಚೀಲ ಹಿಂದಕ್ಕೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಿದ್ದವು. ಇದಕ್ಕೆ ನಾವು ಕೈದಾಟು ಅನ್ನುತ್ತಿದ್ದೆವು. ಕೈದಾಟಿಗೆ ಬಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ಊಟ ಮಾಡುತ್ತಿದ್ದರೂ ಎಡಗೈಯಲ್ಲಿ ತೆಗೆದುಕೊಂಡು ಪಕ್ಕದವರಿಗೆ ದಾಟಿಸಬೇಕು. ನನ್ನ ಗಿರಣಿಯ ಬಿಸಿ ಹಿಟ್ಟಿನ ಡಬ್ಬಗಳು ದಿನಾ ಹೀಗೆ ಹತ್ತಾರು ಕೈ ಬದಲಾಯಿಸಿ ಹೋಗುತ್ತಿದ್ದವು. ಚಳಿಗಾಲದಲ್ಲಿ ಅಂಗಡಿಯವರು ಡಬ್ಬವನ್ನು ಒಂದು ಗಳಿಗೆ ಎದೆಗೆ ಅವುಚಿಕೊಂಡು ಆಮೇಲೆ ದಾಟಿಸುತ್ತಿದ್ದರಂತೆ.

ಗಿರಣಿ ಇರುವುದು ಬೀದಿಯ ನಟ್ಟನಡುವೆ. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಹಿಂದುಗಡೆಯ ಒಂದು ಕೋಣೆಯಲ್ಲೇ ನಮ್ಮ ಸಂಸಾರ. ಬೆಳಿಗ್ಗೆ ಸುಗುಣಳ ಹಿಂದೆ ನಡೆದು ಶಾಲೆಗೆ ಬಿಟ್ಟು, ಏರಿ ಸುತ್ತಿ ಬಂದು ಬೆಲ್ಟು ಹಾಕುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿರುತ್ತಿತ್ತು. ಸಂಜೆ ಅವಳು ಬೇರೆ ಮಕ್ಕಳ ಜೊತೆ ಏರಿ ಸುತ್ತಿ ಬರುವಾಗ ನಾನು ಮೇಲಿನ ತುದಿಗೆ ಹೋಗಿ ನಿಲ್ಲಲಾರೆ, ಹಿಂದಕ್ಕೆ ನಡೆಯಲಾಗದಲ್ಲ. ಹೊಸಿಲಲ್ಲಿ ನಿಂತು ಕಾಯುತ್ತಿದ್ದೆ. ಅವಳು ಬಾಗಿಲಿಗೆ ಬರುವತನಕ ಕೆಳಗಿಳಿಯುತ್ತಿರಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಹಾಗೆ ನೋಡಿದರೆ ಇದು ಊರಿನ ಎಲ್ಲರ ಕಟ್ಟಳೆಯೂ ಹೌದು: ಕಿರಿಯರು ಮುಂದೆ, ಹಿರಿಯರು ಹಿಂದೆ, ಹೊರೆ ಮುಂದೆ, ಹೊರುವವರು ಹಿಂದೆ. ತಳ್ಳುಗಾಡಿಯನ್ನು ಇಬ್ಬರಿದ್ದರೂ ಹಿಂದಿನಿಂದಲೇ ತಳ್ಳಬೇಕು, ಮುಂದಿನಿಂದ ಎಳೆಯಬಾರದು. ಹೋದ ವರ್ಷ ತರಕಾರಿ ಕೆಂಚಪ್ಪ ಅದನ್ನು ಒಂದೇ ಒಂದು ಸಲ ಮೀರಿದ. ಗಾಡಿಯ ಚಕ್ರ ನಮ್ಮ ಗಿರಣಿಯ ಎದುರಿನ ಗುಂಡಿಯಲ್ಲಿ ಕೂತುಕೊಂಡಿತು. ಅವನೂ ಅವನ ಹೆಂಡತಿ ಹೊಂಬಾಳಮ್ಮನೂ ಎಷ್ಟು ತಳ್ಳಿದರೂ ಏಳಲಿಲ್ಲ. ಕೆಂಚಪ್ಪ ಪಕ್ಕಕ್ಕೆ ಸರಿದು ಮುಂದೆ ಹೋಗಿ ಮೂಕಿ ಹಿಡಿದು ಎಳೆದ. ಆ ಹೊತ್ತಿಗೆ ಮೇಲಿನಿಂದ ಬಂದ ಸಿಮೆಂಟಿನ ಲಾರಿ ಹೊಂಬಾಳಮ್ಮನನ್ನು ಕೆಡವಿ ಗಾಡಿಗೆ ಬಡಿಯಿತು. ಗಾಡಿ ಕೆಂಚಪ್ಪನನ್ನು ನೂಕಿಕೊಂಡು ಏಳು ಹೆಜ್ಜೆ ಮುಂದಕ್ಕೆ ಹೋಗಿ ನಿಂತಿತು.

ಲಾರಿಯ ಮುಂದಿನ ಚಕ್ರ ಅವಳ ಸೊಂಟದ ಮೇಲಿತ್ತು. ಮುಂದಕ್ಕೆ ತೆಗೆದರೆ ಪೂರ್ತಿ ಮೇಲೆ ಹತ್ತುತ್ತದೆ. ಹಿಂದಕ್ಕೆ ತೆಗೆಯುವುದು ಆ ಬೀದಿಯಲ್ಲಿ ಇಲ್ಲ. ಮೇಲಿನ ಅಂಗಡಿಗಳವರೆಲ್ಲ ಓಡಿಬಂದು ಲಾರಿಗೆ ಭುಜ ಕೊಟ್ಟರು. ಹೊಸಿಲಿನಿಂದ ಎರಡು ಹೆಜ್ಜೆಯಲ್ಲಿದ್ದಳು, ನಾನೂ ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೆಂಚಪ್ಪ ಏಳು ಹೆಜ್ಜೆ ಮುಂದೆ ನಿಂತು ಕೈ ಚಾಚಿದ್ದ. ಟೊಂಕದಿಂದ ಮೇಲೆಲ್ಲ ನಮ್ಮ ಕಡೆ ತಿರುಗಿತ್ತು, ಪಾದ ಎರಡೂ ಶಾಲೆಯ ಕಡೆಗಿದ್ದವು. ತಲೆಯ ಟವೆಲ್ಲು ಬಿಚ್ಚಿ ಕೈದಾಟಿಗೆ ಕೊಟ್ಟ. ಅದರಿಂದ ಅವಳ ಮುಖ ಒರೆಸಿದೆ. ಅದು ಅವನದೇ ಎಂದು ವಾಸನೆಯಿಂದಲೇ ಗೊತ್ತಾಯಿತೋ ಏನೋ, ಎಲ್ಲವ್ನೆ ಅವ್ನು ಎಂದು ಕೇಳಿದಳು. ಇಲ್ಲೇ ಇದಾನೆ ಅಂದೆ. ಬರಾಕ್ಹೇಳು ಅಂದಳು. ಕೆಂಚಪ್ಪ ಶಾಲೆಯ ಕಡೆಗೆ ತಿರುಗಿ ಓಡಿದ. ಮೂರು ಮೈಲಿ. ಟೈರಿನ ಅಂಗಡಿಯಿಂದ ಜಾಕಿ ಕೈದಾಟಿನಲ್ಲಿ ಬಂದು ಲಾರಿ ಎದ್ದದ್ದು ಅರ್ಧ ಗಂಟೆಗೆ. ಅವನು ಏರಿ ಸುತ್ತಿ ಮೇಲಿನಿಂದ ಬಂದು ತಲುಪಿದ್ದು ಅದಾದ ಸ್ವಲ್ಪ ಹೊತ್ತಿಗೆ. ಅವಳು ಜಾಕಿಗೂ ಮೊದಲೇ ಹೋಗಿದ್ದಳು.

ಆಮೇಲೆ ಬೀದಿ ಎಂದಿನ ಹಾಗೆ ನಡೆಯಿತು. ನನಗೆ ಮಾತ್ರ ಆಗಲಿಲ್ಲ. ಸುಗುಣಳ ಹಿಂದೆ ನಡೆಯುವಾಗ ಆ ಜಡೆ ನೋಡುತ್ತ ನೋಡುತ್ತ, ನಾನು ಒಂದು ದಿನ ಮೈಮರೆತು ಮುಂದೆ ಹೋದರೆ ಎಂದು ಹೆಜ್ಜೆ ಸಣ್ಣದು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪುರಸಭೆಯವರು ಗೋಡೆಗೋಡೆಗೆ ಕಾಗದ ಅಂಟಿಸಿದರು. ಪೇಟೆ ಬೀದಿಯ ಸುರಕ್ಷತೆ ಮತ್ತು ಸಂಚಾರ ಸುಧಾರಣೆಗೆ ಸಾರ್ವಜನಿಕರ ಅಹವಾಲು ಕೇಳುತ್ತೇವೆ, ಲಿಖಿತವಾಗಿ ಕೊಡಿ, ಆಮೇಲೆ ಬೀದಿಯಲ್ಲೇ ಸಭೆ ಎಂದು. ಹಗಲೆಲ್ಲ ಗಿರಣಿಯಲ್ಲಿ ದುಡಿದು, ಉಂಡ ಮೇಲೆ ಸುಗುಣಳ ಪುಸ್ತಕದ ಹಾಳೆ ಹರಿದು ನಾನೇ ಅಹವಾಲು ಬರೆದೆ. ಬೀದಿಯ ನಡುವೆ ಎಲ್ಲಾದರೂ ಒಂದು ಅಡ್ಡದಾರಿ ಬೇಕು, ಅದರಿಂದ ಹೊರಬಿದ್ದವರು ಐದು ನಿಮಿಷದಲ್ಲಿ ಬೀದಿಯ ತಲೆಗೆ ಬರುವಂತಿರಬೇಕು ಎಂದೆ. ಕೊನೆಯಲ್ಲಿ ಇನ್ನೂ ಒಂದು ಸಾಲು ಸೇರಿಸಿದೆ. ಅದಕ್ಕಾಗಿ ಯಾರದಾದರೂ ಕಟ್ಟಡ ಹೋಗುವುದಾದರೆ ಹೋಗಲಿ, ಜೀವಕ್ಕಿಂತ ಕಟ್ಟಡ ದೊಡ್ಡದಲ್ಲ ಎಂದು. ಆ ಸಾಲು ನನಗೆ ಬಹಳ ಚೆನ್ನಾಗಿ ಕಂಡಿತು, ಮಗಳಿಗೆ ಎರಡು ಸಲ ಓದಿ ಹೇಳಿದೆ.

ಮೊದಲ ಹೆಬ್ಬೆಟ್ಟು ಕೆಂಚಪ್ಪನದು. ರಾಗಿ ಹಾಕಲು ಬಂದವರನ್ನು ಸಹಿ ಹಾಕದೆ ಬಿಡಲಿಲ್ಲ. ಸಹಿ ಹಾಕದವನು ಒಬ್ಬನೇ, ಬಟ್ಟೆ ಅಂಗಡಿಯ ಪುಟ್ಟಸ್ವಾಮಪ್ಪ. ಅವನ ಅಂಗಡಿ ಬೀದಿಯ ತಲೆಯಲ್ಲಿದೆ. ಮರೆತವರೆಲ್ಲ ಸುತ್ತಿ ಬಂದು ಮತ್ತೆ ಅವನ ಸೀರೆಗಳ ಮುಂದೆ ಹಾಯಬೇಕು. "ತಾಯಕ್ಕ, ಜನ ಬೇಗ ಬೇಗ ಮನೆ ಸೇರ್ಕೊಂಡ್ರೆ ಪೇಟೆ ಅಂತ ಯಾಕಿರಬೇಕು?" ಎಂದು ನಕ್ಕ. ನಾನು ಅವನ ಮುಖದ ಮೇಲೇ, ನಿನ್ನ ಹೆಂಡತಿ ಚಕ್ರದಡಿ ಬಿದ್ದಿದ್ದರೆ ಈ ಮಾತು ಆಡುತ್ತಿದ್ದೆಯಾ ಎಂದು ಕೇಳಿದೆ. ಅವನು ನಗು ನಿಲ್ಲಿಸಿದ. ಆ ವಾರವೆಲ್ಲ ಬೀದಿಯಲ್ಲಿ ನನ್ನ ಮಾತೇ ಮಾತು.

ಸಭೆಯ ದಿನ ಮಧ್ಯಾಹ್ನದತನಕ ಅಂಗಡಿ ಮುಚ್ಚಿದ್ದರು, ಲಾರಿಗಳನ್ನು ಬೀದಿಯ ತಲೆಯಲ್ಲೇ ತಡೆದಿದ್ದರು. ಅಪಘಾತವಾದ ಜಾಗವೆಂದು ನಮ್ಮ ಗಿರಣಿಯ ಎದುರೇ ಮೇಜು, ಮೈಕು ಇಟ್ಟಿದ್ದರು. ಎಂಜಿನಿಯರ್ ಸಾಹೇಬರು ಊರಿಗೆ ಹೊಸಬರು. ಎಲ್ಲರಿಗೂ ಕೈಮುಗಿಯುತ್ತ ಬಂದವರು ಮೈಕನ್ನು ಮೂರು ಹೆಜ್ಜೆ ದಾಟಿಬಿಟ್ಟರು. ಹಿಂತಿರುಗಲು ನೋಡಿದರು, ಕಾಲು ಏಳಲಿಲ್ಲ. ಜನ ನಗಲಿಲ್ಲ, ಅಭ್ಯಾಸ. ಮೈಕು, ಮೇಜು, ನಕ್ಷೆಯ ಸುರುಳಿ, ಕೊನೆಗೆ ಸಾಹೇಬರ ಕನ್ನಡಕದ ಪೆಟ್ಟಿಗೆ, ಎಲ್ಲವನ್ನೂ ಅವರಿದ್ದಲ್ಲಿಗೇ ದಾಟಿಸಿದರು. ಹಿಂದಿನಿಂದ ಯಾರೋ, ಈಗ ಸಾಹೇಬ್ರಿಗೆ ಅಹವಾಲು ಅರ್ಥವಾಯ್ತು, ಇನ್ನು ಸಭೆ ಮುಗಿಸ್ಬಹುದು ಅಂದರು.

ಜನ ಒಬ್ಬೊಬ್ಬರೇ ಹೇಳಿದರು. ಗುಂಡಿ ಮುಚ್ಚಿ ಅಂದರು, ಶಾಲೆಯ ಹೊತ್ತಿನಲ್ಲಿ ಲಾರಿ ಬಿಡಬೇಡಿ ಅಂದರು. ಒಬ್ಬ ಅಜ್ಜಿ ಅಲ್ಲಲ್ಲಿ ಕಲ್ಲುಬೆಂಚು ಕೇಳಿದಳು, ಸೊಸೆಗೆ ಬೈದು ಮುಂದೆ ಬಂದರೆ ಅವಳು ಬಂದು ಸೇರುವತನಕ ಕೂರಲು ಜಾಗವಿಲ್ಲವಂತೆ. ಆಮೇಲೆ ಸಾಹೇಬರು ನನ್ನ ಅಹವಾಲು ಕೈಗೆತ್ತಿಕೊಂಡರು. ನೂರಾರು ಸಹಿ ಇದೆ, ಇದೇ ಮುಖ್ಯವಾದದ್ದು ಎಂದು ಮೈಕಿನಲ್ಲಿ ಓದಿದರು. ಕೊನೆಯ ಸಾಲನ್ನೂ ಬಿಡದೆ ಓದಿದರು. ಸುಗುಣ ನನ್ನ ಕೈ ಹಿಸುಕಿದಳು.

ಆಮೇಲೆ ನಕ್ಷೆ ಬಿಚ್ಚಿದರು. ನಮ್ಮವರು ಎರಡು ತಿಂಗಳಿಂದ ಬಂಡೆಯ ಆಚೆಯಿಂದ ಅಳೆದಿದ್ದಾರೆ, ಕೆರೆಯ ಕಡೆ ಆಗುವುದಿಲ್ಲ, ಬಂಡೆಯ ಕಡೆಯೇ ಆಗಬೇಕು ಎಂದರು. ಬಂಡೆ ಎಲ್ಲ ಕಡೆಯೂ ಗಟ್ಟಿ. ಬಾಯಿ ಬಿಟ್ಟಿರುವುದು ಒಂದೇ ಜಾಗದಲ್ಲಿ, ಸ್ವಲ್ಪ ಒಡೆದರೆ ಆಳು ಹೋಗುವಷ್ಟು ದಾರಿಯಾಗುತ್ತದೆ, ಆಚೆ ಕಾಲುದಾರಿ ಇದೆ. ಅದರ ಮುಂದಿರುವ ಒಂದು ಕಟ್ಟಡ ಮಾತ್ರ ತೆಗೆಯಬೇಕು. ಬೆರಳಿಟ್ಟು ತೋರಿಸಿ, "ಇದು ಹಿಟ್ಟಿನ ಗಿರಣಿ ಅಲ್ವಾ? ಯಾರದು?" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಬಂಡೆಯಲ್ಲಿ ಸಂದು ಇರುವುದು ನನಗೆ ಗೊತ್ತಿತ್ತು. ನಮ್ಮ ಕೋಣೆಯ ಹಿಂದೆ ತಗಡು ಮುಚ್ಚಿ ಹೊಟ್ಟಿನ ಚೀಲ ಒಟ್ಟಿದ್ದೆ. ಬೇಸಿಗೆಯಲ್ಲಿ ಅದರಿಂದ ತಣ್ಣನೆ ಗಾಳಿ ಬರುತ್ತಿತ್ತು, ಸುಗುಣ ಅಲ್ಲೇ ಚಾಪೆ ಹಾಸಿಕೊಂಡು ಓದುತ್ತಿದ್ದಳು. ಅದು ದಾರಿಯಾದೀತೆಂದು ನನಗೆ ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲ ಎಂದೇ ಈಗಲೂ ಅಂದುಕೊಳ್ಳುತ್ತೇನೆ.

ಬದಲಿ ಜಾಗದ ವಿಷಯ ಕೇಳಿದೆ. ಪುರಸಭೆಯ ಮುಖ್ಯಾಧಿಕಾರಿಗಳು ಎದ್ದು, ಅರ್ಜಿ ಕೊಡಿ, ಖಂಡಿತ ಪರಿಶೀಲಿಸುತ್ತೇವೆ ಎಂದರು. ಎಷ್ಟು ದಿನವಾಗುತ್ತದೆ ಎಂದೆ. ಅದನ್ನು ಈಗಲೇ ಹೇಳಲಾಗದು ಎಂದರು. ಬೀದಿಯ ಹೊರಗೆ ಹೋದರೆ ಯಾರು ಬಂದು ನನ್ನಲ್ಲಿ ರಾಗಿ ಬೀಸಿಸುತ್ತಾರೆ? ಆ ಕಲ್ಲು ಎರಡು, ಆ ಬೆಲ್ಟು, ಆ ಕೋಣೆ ಬಿಟ್ಟರೆ ನನಗೂ ನನ್ನ ಮಗಳಿಗೂ ಈ ಭೂಮಿಯ ಮೇಲೆ ಬೇರೇನೂ ಇರಲಿಲ್ಲ. ಇದು ಸುಳ್ಳಲ್ಲ. ಆದರೆ ಅಹವಾಲು ಬರೆಯುವಾಗ ಬೇರೆಯವರಿಗೂ ಹೀಗೇ ಇದ್ದೀತು ಎಂದು ನಾನು ಯೋಚಿಸಿರಲಿಲ್ಲ.

ನಮ್ಮೂರಿನಲ್ಲಿ ಒಪ್ಪಿಗೆಗೆ ಸಹಿ ಸಾಲದು. ಮನೆ ಮಾರುವುದಿರಲಿ, ಹೆಣ್ಣು ಕೊಡುವುದಿರಲಿ, ಪೇಟೆ ಬೀದಿಗೆ ಬಂದು ಸೀಮೆಸುಣ್ಣದ ಗೆರೆ ಎಳೆದು ಅದನ್ನು ದಾಟಬೇಕು. ದಾಟಿದವರು ವಾಪಸು ಬರುವಂತಿಲ್ಲವಲ್ಲ, ಅದೇ ಖಾತ್ರಿ. ನೀರು ಸುರಿದು ಗೆರೆ ಅಳಿಸುವತನಕ ಸಮಯ. ಅಂದು ಪುರಸಭೆಯ ಜವಾನ ಗಿರಣಿಯ ಬಾಗಿಲು ಮುಗಿಯುವ ಕಡೆ ಬೀದಿಗೆ ಅಡ್ಡವಾಗಿ ಗೆರೆ ಎಳೆದ. ನಾನೂ ಸುಗುಣಳೂ ಗೆರೆಯ ಮೇಲ್ಗಡೆ ಪಕ್ಕಪಕ್ಕದಲ್ಲಿ ನಿಂತಿದ್ದೆವು. ನನ್ನ ಕಾಲಿಗೂ ಗೆರೆಗೂ ನಡುವೆ ಒಂದು ಗೇಣು.

ಕೆಂಚಪ್ಪ ಜನರ ನಡುವಿನಿಂದ ಬಂದು ನನ್ನ ಪಕ್ಕ ನಿಂತ. ಹೆಂಡತಿ ಹೋದ ಮೇಲೆ ಅವನು ಮಾತಾಡುತ್ತಿದ್ದದ್ದೇ ಕಡಿಮೆ.

"ಬಲವಂತ ಮಾಡಾಕಿಲ್ಲ ಕಣಕ್ಕ," ಅಂದ. "ನಂಗೂ ಅವ್ಳಿಗೂ ಏಳು ಹೆಜ್ಜೆ ಇತ್ತು. ನಿಂಗೆ ಇರಾದು ಒಂದೇ."

ನನ್ನ ಬಾಯಿಗೆ ಆ ಕ್ಷಣ ಏನು ಬಂತೋ ಅದನ್ನು ಸಾಹೇಬರಿಗೆ ಹೇಳಿದೆ. ಮೊದಲೇ ಯೋಚಿಸಿಟ್ಟದ್ದಲ್ಲ. "ಮಗಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೀನಿ ಸ್ವಾಮಿ. ಈ ಬೀದೀಲಿ ಅವಳಿಗಿಂತ ಮುಂದೆ ಕಾಲಿಡೋದಿಲ್ಲ ಅಂತ. ಅವಳನ್ನ ಹಿಂದೆ ಬಿಟ್ಟು ನಾನು ಗೆರೆ ದಾಟೋ ಹಂಗಿಲ್ಲ."

ಜನ ಗುಸುಗುಸು ಎಂದರು. ಮಕ್ಕಳಿಗೆ ಕೊಟ್ಟ ಇಂಥ ಮಾತನ್ನು ಮುರಿ ಎಂದು ಹೇಳುವ ಬಾಯಿ ನಮ್ಮೂರಿನಲ್ಲಿಲ್ಲ. ಹೊಂಬಾಳಮ್ಮನ ಸಾವಾದ ಮೇಲಂತೂ ಇಲ್ಲವೇ ಇಲ್ಲ. ಕೆಂಚಪ್ಪ ತಲೆ ತಗ್ಗಿಸಿದ. ಅವನೂ ಒಪ್ಪಿಕೊಂಡ. ಸಾಹೇಬರು ಏನೆಂದು ಅರ್ಥವಾಗದೆ ಮುಖ್ಯಾಧಿಕಾರಿಗಳ ಮುಖ ನೋಡಿದರು. ಅವರು ಕಿವಿಯಲ್ಲಿ ವಿವರಿಸಿದರು. ಪುಟ್ಟಸ್ವಾಮಪ್ಪ ಎಲ್ಲರಿಗೂ ಕೇಳುವ ಹಾಗೆ, ತಾಯಿ ಅಂದ್ರೆ ಹಿಂಗಿರಬೇಕು ಅಂದ. ಅವನು ಹಾಗಂದಾಗ ನನಗೆ ಸಮಾಧಾನವಾಯಿತು. ಅದನ್ನೂ ಬರೆದುಬಿಡುತ್ತೇನೆ, ಸಮಾಧಾನವಾಯಿತು.

ಸುಗುಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹನ್ನೆರಡು ವರ್ಷದ ಹುಡುಗಿ, ಲೆಕ್ಕದಲ್ಲಿ ಚುರುಕು. ಕಷ್ಟದ ಲೆಕ್ಕ ಬಿಡಿಸಿದಾಗ ಅವಳ ಹುಬ್ಬು ಸಡಿಲವಾಗುತ್ತದೆ, ಅಂದೂ ಹಾಗೇ ಆಯಿತು.

"ಅಷ್ಟೇ ತಾನೇ ಅಮ್ಮ," ಅಂದಳು. "ನಾನು ಮೊದಲು ದಾಟ್ತೀನಿ. ನೀನು ಹಿಂದೆ ಬಾ."

ಕೈ ಬಿಡಿಸಿಕೊಂಡು ಗೆರೆ ದಾಟಿದಳು. ಗೆರೆ ತುಳಿಯದ ಹಾಗೆ ಲಂಗ ಎತ್ತಿ ಹಿಡಿದುಕೊಂಡು, ಕುಂಟಾಬಿಲ್ಲೆಯಲ್ಲಿ ಮನೆ ದಾಟುವ ಹಾಗೆ. ಜಾಗ ಬಿಡಲು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಿಂತಳು. ಕತ್ತು ಮಾತ್ರ ತಿರುಗಿಸಿ ನನ್ನನ್ನು ನೋಡಿದಳು. ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅಮ್ಮನಿಗೆ ಗೊತ್ತಾಗದ ಉಪಾಯವೊಂದು ತನಗೆ ಹೊಳೆಯಿತಲ್ಲ ಎಂಬ ಖುಷಿಯೇ ಇತ್ತು.

ಈಗ ದಾಟಿದರೆ ಮಾತು ಮುರಿಯುವುದಿಲ್ಲ. ಇದು ನನಗೆ ಗೊತ್ತು, ಕೆಂಚಪ್ಪನಿಗೆ ಗೊತ್ತು, ಅಲ್ಲಿದ್ದವರೆಲ್ಲರಿಗೂ ಗೊತ್ತು. ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಮುಂದಕ್ಕೆ ಹೋಗಲು ಆ ಬೀದಿಯಲ್ಲಿ ಯಾವ ಅಡ್ಡಿಯೂ ಇಲ್ಲ. ಹಿಂದಕ್ಕೆ ಹೋಗಲಾಗದ ಬೀದಿಯಲ್ಲಿ ನಾನು ಮುಂದಕ್ಕೆ ಹೋಗದೆ ನಿಂತೆ. ಗಿರಣಿಯ ಕಲ್ಲುಗಳ ಯೋಚನೆ, ನಾಳೆಯ ಅನ್ನದ ಯೋಚನೆ, ಅವಳದೇ ಯೋಚನೆ ಎಂದು ಹೇಳಿಕೊಳ್ಳಬಹುದು. ಆ ಹೊತ್ತಿನಲ್ಲಿ ಯಾವ ಯೋಚನೆಯೂ ಇರಲಿಲ್ಲ. ಗೆರೆಯನ್ನು ನೋಡುತ್ತಿದ್ದೆ, ಅಷ್ಟೇ.

ಎಷ್ಟು ಹೊತ್ತೋ. ಸುಗುಣಳ ಕತ್ತು ನೋಯಲು ಶುರುವಾಗಿರಬೇಕು, ಒಂದು ಸಲ ಮುಂದೆ ತಿರುಗಿ ಮತ್ತೆ ನನ್ನ ಕಡೆ ತಿರುಗಿದಳು. ಆಗ ಮುಖ ಬೇರೆಯಾಗಿತ್ತು. "ಅಮ್ಮ, ಬಾ," ಅಂದಳು, ಮೆಲ್ಲಗೆ. ನಾನು ತಲೆ ಎತ್ತಲಿಲ್ಲ. ಮುಖ್ಯಾಧಿಕಾರಿಗಳು ಕೆಮ್ಮಿ, ಮಾಲೀಕರ ಒಪ್ಪಿಗೆ ಇಲ್ಲವೆಂದು ದಾಖಲಿಸೋಣ ಎಂದರು. ಜವಾನ ಕೊಡದಿಂದ ನೀರು ಸುರಿದ. ಸುಣ್ಣದ ನೀರು ಹರಿದು ಗುಂಡಿಗೆ ಹೋಯಿತು.

ಗೆರೆಯಾಚೆ ಹೋದವಳು ಗಿರಣಿಯ ಬಾಗಿಲನ್ನೂ ದಾಟಿದ್ದಳು. ಮನೆಗೆ ಬರಬೇಕಾದರೆ ಬೀದಿ ಮುಗಿಸಿ ಏರಿ ಸುತ್ತಿ ಬರಬೇಕು. ನಾನು ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಮನೆ. ನೀರು ಸುರಿದಾಗಿತ್ತು, ಈಗ ಅವಳ ಹಿಂದೆ ಹೋದರೂ ಗಿರಣಿಗೆ ಏನೂ ಆಗುತ್ತಿರಲಿಲ್ಲ. ಹೋಗಬೇಕೆಂದು ಕಾಲೆತ್ತಿದೆ. ಅವಳು ಅದನ್ನು ಕಂಡು, ಬರಬೇಡ ಅಂದಳು. ಜೋರಾಗಿ ಹೇಳಲಿಲ್ಲ. ಆಮೇಲೆ ಕೆಂಚಪ್ಪ ಹೊರಟ. ಅವಳಿಂದ ನಾಲ್ಕು ಹೆಜ್ಜೆ ಹಿಂದೆ, ಹಿರಿಯರು ನಡೆಯಬೇಕಾದ ಹಾಗೆ, ಕೈ ಹಿಂದೆ ಕಟ್ಟಿಕೊಂಡು ಅವಳ ಜೊತೆ ಕೊನೆಯತನಕ ನಡೆದ. ಇಬ್ಬರೂ ಜನರ ನಡುವೆ ಕಾಣದಾಗುವತನಕ ಹೊಸಿಲ ಮೇಲೆ ನಿಂತು ನೋಡಿದೆ.

ಅವಳು ಮನೆಗೆ ಬರುವಷ್ಟರಲ್ಲಿ ಮುದ್ದೆ ತಣ್ಣಗಾಗಿತ್ತು. ಉಂಡಳು. ಜಗಳವಾಡಲಿಲ್ಲ, ಅಳಲಿಲ್ಲ. ಮಾರನೆಯ ದಿನ ಚೀಲ ಹಾಕಿಕೊಂಡು, ಇನ್ನು ನಾನೊಬ್ಬಳೇ ಹೋಗ್ತೀನಿ, ನಿನಗೆ ಮೂರು ಮೈಲಿ ಉಳಿಯುತ್ತೆ ಅಂದಳು. ಹೌದು, ಉಳಿಯುತ್ತದೆ. ಈಗ ಏಳೂವರೆಗೇ ಬೆಲ್ಟು ಹಾಕುತ್ತೇನೆ. ಓದಲು ಅವಳು ಹಿಂದಿನ ಸಂದಿಯ ಹತ್ತಿರ ಕೂರುವುದಿಲ್ಲ, ಬೀದಿಯ ಕಡೆಯ ಕಿಟಕಿಗೆ ಬಂದಿದ್ದಾಳೆ.

ಪುರಸಭೆಯವರು ಸುಮ್ಮನೆ ಕೂರಲಿಲ್ಲ. ಗುಂಡಿ ಮುಚ್ಚಿದರು. ಅಜ್ಜಿ ಕೇಳಿದ ಕಲ್ಲುಬೆಂಚುಗಳೂ ಬಂದವು. ಬೀದಿಯ ತಲೆಯಲ್ಲಿ ಹಳದಿ ಹಲಗೆ ನೆಟ್ಟು ಕಿರಿಯರು ಮುಂದೆ, ಹಿರಿಯರು ಹಿಂದೆ ಎಂದು ಬರೆಸಿದರು. ಪುಟ್ಟಸ್ವಾಮಪ್ಪ ತನ್ನ ಮನೆಯ ಗೋಧಿಯನ್ನೆಲ್ಲ ನನ್ನಲ್ಲಿಗೇ ಕಳಿಸುತ್ತಾನೆ. ಕೆಂಚಪ್ಪ ರಾಗಿಯನ್ನು ಮನೆಯಲ್ಲೇ ಬೀಸುಕಲ್ಲಿಗೆ ಹಾಕಿಕೊಳ್ಳುತ್ತಾನಂತೆ. ಗಾಡಿ ತಳ್ಳಿಕೊಂಡು ಗಿರಣಿಯ ಮುಂದೆ ಹೋಗುವಾಗ ಈಗಲೂ ಹೊಸಿಲ ಮೇಲೆ ಒಂದು ಹಿಡಿ ಸೊಪ್ಪು ಇಟ್ಟು ಹೋಗುತ್ತಾನೆ, ಸುಗುಣಳಿಗೆ ಅಂತ. ನನ್ನ ಕಡೆ ನೋಡುವುದಿಲ್ಲ.

ಹೋದ ತಿಂಗಳು ಪಾತ್ರೆ ಅಂಗಡಿಯ ಎದುರು ಒಬ್ಬ ಮುದುಕರು ಎದೆ ಹಿಡಿದುಕೊಂಡು ಕೂತರು. ಅವರ ಮಗ ಔಷಧಿ ಅಂಗಡಿಯ ಹತ್ತಿರ, ನೂರು ಹೆಜ್ಜೆ ಮುಂದಿದ್ದ. ಮಾತ್ರೆ ಕೈದಾಟಿನಲ್ಲಿ ಬಂತು. ನಾನೂ ಒಂದು ಕೈ ದಾಟಿಸಿದೆ. ಮಗನಿಗೆ ಬರಲಾಗಲಿಲ್ಲ. ನಮ್ಮ ಬಾಗಿಲಿನ ಎದುರು ಹಾಯುವಾಗ ಅವನು ಓಡುತ್ತಿದ್ದ, ಕೆಳಕ್ಕೆ, ಏರಿಯ ಕಡೆಗಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಅದು ಅವನ ಎರಡನೆಯ ಸುತ್ತು. ಮೊದಲ ಸುತ್ತು ಮುಗಿಸಿ ಮೇಲಿನಿಂದ ಬಂದವನು ಗಾಬರಿಯಲ್ಲಿ ಅಪ್ಪನನ್ನು ದಾಟಿ ಕೆಳಕ್ಕೆ ಬಂದುಬಿಟ್ಟಿದ್ದನಂತೆ.

ಎಂಟು ವರ್ಷದ ಹಿಂದೆ ಮಗಳಿಗೆ ಒಂದು ಮಾತು ಕೊಟ್ಟಿದ್ದೆ. ಪೇಟೆ ಬೀದಿಯಲ್ಲಿ ಅವಳಿಗಿಂತ ಮುಂದೆ ನಾನು ಇವತ್ತಿನವರೆಗೂ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಮಾತು ಉಳಿಸಿಕೊಂಡಿದ್ದೇನೆ.